ಚಿತ್ರದ ಮೇಲೆ ಬೆರಳಿಟ್ಟು ಹೇಳಿ

ಮಾನ್ಯ ಸಂಪಾದಕರೇ,

ಗದಗಿನ ಕಾಲೇಜೊಂದರಲ್ಲಿ ನಡೆದ ಕಪ್ಪು ಬಿಳುಪು ಛಾಯಾಚಿತ್ರ ಪ್ರದರ್ಶನದ ವರದಿ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಯಾರು ಉದ್ಘಾಟಿಸಿದರು, ಯಾರು ಅಧ್ಯಕ್ಷತೆ ವಹಿಸಿದ್ದರು, ಯಾರು ವಂದಿಸಿದರು ಎಂಬುದೆಲ್ಲ ಅದರಲ್ಲಿತ್ತು. ಚಿತ್ರಗಳ ಬಗ್ಗೆ ಇದ್ದದ್ದು ಒಂದೇ ಮಾತು, 'ನೋಡುಗರ ಕಣ್ಮನ ಸೆಳೆದವು' ಎಂದು. ನಾನು ಎರಡೂ ದಿನ ಅಲ್ಲಿಗೆ ಹೋಗಿದ್ದೆ. ಬಾಗಿಲ ಬಳಿ ಅನಿಸಿಕೆ ಬರೆಯಲು ಒಂದು ದಪ್ಪ ವಹಿ ಇಟ್ಟಿದ್ದರು. ಕುಳಿತು ಅಷ್ಟನ್ನೂ ಓದಿದೆ. ಅದ್ಭುತ, ಸೂಪರ್, ಶುಭವಾಗಲಿ, ಹೀಗೆಯೇ ಮುಂದುವರಿಯಿರಿ. ಯಾವ ಚಿತ್ರ, ಅದರಲ್ಲಿ ಏನು ಎಂದು ಒಬ್ಬರೂ ಬರೆದಿರಲಿಲ್ಲ. ತಿಂಗಳುಗಟ್ಟಲೆ ಬಿಸಿಲಲ್ಲಿ ತಿರುಗಿ ಚಿತ್ರ ತೆಗೆದ ಆ ಮಕ್ಕಳು ಆ ವಹಿಯನ್ನು ಮನೆಗೆ ಒಯ್ದು ಅದರಿಂದ ಏನು ಕಲಿಯಬೇಕು? ನನಗೆ ನಿಜಕ್ಕೂ ಸಂಕಟವಾಯಿತು.

ನಾನು 1979ರಲ್ಲಿ ಮದುವೆಯಾಗಿ ಬೆಟಗೇರಿಗೆ ಬಂದವಳು. ಮಾವನವರದು ಫೋಟೋ ಸ್ಟುಡಿಯೋ. ಆರು ತಿಂಗಳೊಳಗೆ ಅವರು ನನ್ನನ್ನು ನೆಗೆಟಿವ್ ತಿದ್ದುವ ರಿಟಚಿಂಗ್ ಮೇಜಿನ ಮುಂದೆ ಕೂರಿಸಿದರು. ಇಳಿಜಾರು ಮೇಜು, ನಡುವೆ ಮಸುಕು ಗಾಜು, ಕೆಳಗಿನ ಕನ್ನಡಿಯಿಂದ ಕಿಟಕಿಯ ಬೆಳಕು ಮೇಲೆ ಬರುತ್ತಿತ್ತು. ಪೆನ್ಸಿಲ್ಲಿನ ಸೀಸವನ್ನು ಮರಳು ಕಾಗದದ ಮೇಲೆ ಉಜ್ಜಿ ಉಜ್ಜಿ ಸೂಜಿಯಂತೆ ಮಾಡಿಕೊಳ್ಳಬೇಕು. ಮುಖದ ಮೇಲೆ ಕಪ್ಪಾಗಿ ಕಾಣುವ ಸುಕ್ಕು, ಕಪ್ಪು ಬಿಳುಪು ಅದಲು ಬದಲಾಗಿರುವ ನೆಗೆಟಿವ್‌ನಲ್ಲಿ ತೆಳ್ಳನೆಯ ಪಾರದರ್ಶಕ ಗೆರೆಯಾಗಿರುತ್ತದೆ. ಅದರೊಳಗೆ ಚುಕ್ಕಿ ಚುಕ್ಕಿಯಾಗಿ ಸೀಸ ತುಂಬಿದರೆ ಪ್ರಿಂಟಿನಲ್ಲಿ ಸುಕ್ಕು ತಿಳಿಯಾಗುತ್ತದೆ. ಮಾವನವರು ನನ್ನ ಕೆಲಸ ನೋಡಿ ಚೆನ್ನಾಗಿದೆ ಎನ್ನುತ್ತಿರಲಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನುತ್ತಿರಲಿಲ್ಲ. ಕಿರುಬೆರಳ ಉಗುರನ್ನು ಒಂದು ಕಡೆ ಇಟ್ಟು, 'ಎಡಗಣ್ಣಿನ ಕೆಳಗೆ ಎರಡು ಗೆರೆ ಉಳಿಸಬೇಕಿತ್ತು, ಮನೆಯವರು ಅಜ್ಜನ ಗುರುತು ಹಿಡಿಯುವುದು ಅಲ್ಲಿಯೇ' ಎನ್ನುತ್ತಿದ್ದರು. ನನಗೆ ಬೈದಂತೆ ಅನಿಸುತ್ತಲೇ ಇರಲಿಲ್ಲ. ಮಾತೆಲ್ಲ ಆ ಗೆರೆಯ ಬಗ್ಗೆ, ನನ್ನ ಬಗ್ಗೆ ಒಂದೂ ಇರುತ್ತಿರಲಿಲ್ಲ.

ಅವರದು ಇನ್ನೊಂದು ನಿಯಮವಿತ್ತು. ಒದ್ದೆ ಪ್ರಿಂಟಿನ ಬಗ್ಗೆ ಯಾರೂ ಮಾತಾಡಬಾರದು. ಕತ್ತಲೆಕೋಣೆಯ ಕೆಂಪು ದೀಪದಲ್ಲಿ ಪ್ರಿಂಟು ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ, ಹೊಸಬರು ಗಾಬರಿಯಾಗಿ ದ್ರಾವಣದಿಂದ ಬೇಗ ಎತ್ತಿಬಿಡುತ್ತಾರೆ. ಹೊರಗೆ ತಂದರೆ ನೀರಿನ ಹೊಳಪಿಗೆ ಎಲ್ಲವೂ ಚಂದ. ಒಣಗಿದ ಮೇಲೆ ಬಿಳುಪು ಸ್ವಲ್ಪ ಮಂಕಾಗಿ, ಛಾಯೆ ಒಂದಿಷ್ಟು ಗಾಢವಾಗಿ, ನಿಜವಾದ ಚಿತ್ರ ಆಗ ಸಿಗುತ್ತದೆ. ಹೀಗಾಗಿ ತೀರ್ಮಾನ ಏನಿದ್ದರೂ ಮರುದಿನ ಬೆಳಗ್ಗೆ, ಬಾಗಿಲ ಬೆಳಕಿನಲ್ಲಿ. ಮೊದಲು ತಲೆಕೆಳಗಾಗಿ ಹಿಡಿದು ನೋಡಿಸುತ್ತಿದ್ದರು. ಮುಖ ಯಾರದೆಂಬುದು ಆಗ ಮರೆತುಹೋಗಿ, ಬೆಳಕು ಎಲ್ಲಿ ಗುಂಪುಗೂಡಿದೆ, ಕಪ್ಪು ಎಲ್ಲಿ ಭಾರವಾಗಿದೆ ಎಂಬುದಷ್ಟೇ ಕಣ್ಣಿಗೆ ಬೀಳುತ್ತದೆ. ಗದಗ-ಬೆಟಗೇರಿ ಅವಳಿ ನಗರದ ನೀರಿನ ಬವಣೆ ನಿಮಗೆ ಹೇಳಬೇಕಾಗಿಲ್ಲ. ಚಿತ್ರವನ್ನು ಸ್ಥಿರಗೊಳಿಸುವ ಹೈಪೋ ಎಂಬ ರಾಸಾಯನಿಕ ಹೋಗುವಂತೆ ಒಂದು ಪ್ರಿಂಟನ್ನು ತೊಳೆಯಲು ಎಷ್ಟು ಕೊಡ ನೀರು ಬೇಕೆಂದು ಸೇದಿ ಹೊತ್ತವರಿಗೇ ಗೊತ್ತು, ತೊಳೆಯದಿದ್ದರೆ ಚಿತ್ರ ಹಳದಿಗಟ್ಟುತ್ತದೆ. ತಪ್ಪು ಹೇಳಲು ಸಂಕೋಚಪಟ್ಟು ಅದೇ ತಪ್ಪಿನ ಇನ್ನೊಂದು ಪ್ರಿಂಟಿಗೆ ನೀರು ಸುರಿಯಲು ಬಿಡುವುದು ನಮ್ಮ ಮನೆಯಲ್ಲಿ ಸಾಧ್ಯವೇ ಇರಲಿಲ್ಲ.

ಪ್ರದರ್ಶನದಲ್ಲಿ ಒಬ್ಬ ಹುಡುಗ ತನ್ನ ಅಜ್ಜಿಯ ಚಿತ್ರ ಹಾಕಿದ್ದ. ಮಗ್ಗದ ಪಕ್ಕ ಕುಳಿತ ಅಜ್ಜಿ, ಮೈಮೇಲೆ ಇಳಕಲ್ ಸೀರೆ. ದೂರದಿಂದಲೇ ಎದೆ ತುಂಬಿ ಬಂತು. ಹತ್ತಿರ ಹೋದರೆ ಸೆರಗೇ ಕಾಣುತ್ತಿಲ್ಲ. ಹಸಿರು ಮೈ, ಕೆಂಪು ಸೆರಗು ಎರಡೂ ಒಂದೇ ಬೂದು ಬಣ್ಣವಾಗಿ ಕೂಡಿಕೊಂಡಿದ್ದವು. ಸೆರಗಿನ ತೋಪು ತೆನೆ ವಿನ್ಯಾಸದ ಬಿಳಿ ಮಾತ್ರ ಆಧಾರವಿಲ್ಲದೆ ತೇಲುತ್ತಿತ್ತು. ಕಣ್ಣಿಗೆ ಹಗಲು ರಾತ್ರಿಯಷ್ಟು ಬೇರೆ ಕಾಣುವ ಕೆಂಪು ಮತ್ತು ಹಸಿರು ಕಪ್ಪು ಬಿಳುಪಿನಲ್ಲಿ ಅವಳಿಗಳಾಗಿಬಿಡುತ್ತವೆ. ನಾವು ಕ್ಯಾಮೆರಾದ ಮುಂದೆ ಹಸಿರು ಗಾಜು ಹಾಕುತ್ತಿದ್ದೆವು, ಹಸಿರು ತಿಳಿಯಾಗಿ ಕೆಂಪು ಗಾಢವಾಗುತ್ತಿತ್ತು. ಕೆಂಪು ಗಾಜು ಹಾಕಿದರೆ ಅದಕ್ಕೆ ವಿರುದ್ಧ.

ಇದನ್ನು ಹೇಳಿದೆ, ಆದರೆ ಹೇಳಿದ ರೀತಿ ಸರಿಯಿರಲಿಲ್ಲ. ಅವನ ಗೆಳೆಯರೆಲ್ಲ ಸುತ್ತ ನಿಂತಿದ್ದಾಗ, ದೊಡ್ಡ ದನಿಯಲ್ಲಿ, 'ಸೆರಗು ಎಲ್ಲಿ ಹೋಯಿತು?' ಎಂದು ಕೇಳಿಬಿಟ್ಟೆ. ಅವನ ಮುಖ ಬಾಡಿತು. ಬೆಳಕು ಕಡಿಮೆ ಇತ್ತು, ಅಜ್ಜಿ ಹೆಚ್ಚು ಹೊತ್ತು ಕೂರುತ್ತಿರಲಿಲ್ಲ ಎಂದು ಕಾರಣ ಹೇಳತೊಡಗಿದ. ಆ ಕಾರಣಗಳೆಲ್ಲ ನಿಜವೇ ಇರಬಹುದು, ಆದರೆ ನೋಡುವವರಿಗೆ ಸಿಗುವುದು ಗೋಡೆಯ ಮೇಲಿನ ಚಿತ್ರ ಮಾತ್ರ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಅವನನ್ನು ಒಬ್ಬನೇ ಕರೆದು ಕ್ಷಮೆ ಕೇಳಿ, ಅಜ್ಜಿಯ ಕೈಬೆರಳುಗಳಲ್ಲಿ ಬೆಳಕು ಎಷ್ಟು ಮೆತ್ತಗೆ ಕೂತಿದೆ ಎಂದು ತೋರಿಸಿದೆ. ಅದೂ ನಿಜವೇ, ಮೊದಲ ದಿನವೇ ಹೇಳಬೇಕಿತ್ತು. ಆಗ ಅವನು ಮೊಬೈಲ್ ತೆಗೆದ. ಪ್ರತಿ ಬಣ್ಣವನ್ನೂ ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯ ಅದರಲ್ಲಿದೆ. ಕೆಂಪನ್ನು ಗಾಢ ಮಾಡಿದ, ಸೆರಗು ಬೇರೆಯಾಯಿತು. ಆದರೆ ಅಜ್ಜಿಯ ತುಟಿ, ಕೆನ್ನೆಗಳೂ ಕಪ್ಪಾದವು. ಅದನ್ನು ಕಂಡುಹಿಡಿದವನು ಅವನೇ. ಕೆಂಪನ್ನು ಮೊದಲಿನಂತೆಯೇ ಬಿಟ್ಟು ಹಸಿರನ್ನು ತಿಳಿ ಮಾಡಿದ. ಸೀರೆಯ ಮೈ ಮೇಲೆದ್ದು ಬಂತು, ಸೆರಗು ತನ್ನ ಜಾಗದಲ್ಲಿ ನಿಂತಿತು, ಮುಖ ಮುಖವಾಗಿಯೇ ಉಳಿಯಿತು. ಅವನ ಕಣ್ಣು ಹೊಳೆದದ್ದನ್ನು ನೀವು ನೋಡಬೇಕಿತ್ತು.

ಹೇಳುವವರೆಲ್ಲ ಸರಿ, ಕೇಳುವವರೆಲ್ಲ ತಪ್ಪು ಎಂದು ನನ್ನ ವಾದವಲ್ಲ. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ರಾಶಿಯನ್ನು ಒಬ್ಬಳು ಕಪ್ಪು ಬಿಳುಪಿನಲ್ಲಿ ತೆಗೆದಿದ್ದಳು. ಕೆಂಪೇ ಇಲ್ಲದ ಬ್ಯಾಡಗಿ ಯಾಕಮ್ಮ ಎಂದೆ. ಅವಳು ಬೇಸರಿಸದೆ, 'ಕೆಂಪು ಇದ್ದರೆ ಸುಕ್ಕು ಯಾರೂ ನೋಡುವುದಿಲ್ಲ' ಎಂದಳು. ಹತ್ತಿರ ಬಾಗಿದೆ. ಒಂದೊಂದು ಕಾಯಿಯ ಸಿಪ್ಪೆಯ ಮಡಿಕೆ ಮಡಿಕೆಯಲ್ಲೂ ಓರೆ ಬಿಸಿಲು ಹೊಕ್ಕಿತ್ತು. ಸುಕ್ಕು ಅಳಿಸಿಯೇ ಜೀವನ ನಡೆಸಿದ ನನಗೆ ಅವಳು ಸುಕ್ಕು ತೋರಿಸಿಕೊಟ್ಟಳು. ನನ್ನ ಪ್ರಶ್ನೆಯನ್ನು ವಾಪಸು ಪಡೆದೆ.

ವೀರೇಶ್ವರ ಪುಣ್ಯಾಶ್ರಮದ ಅಹೋರಾತ್ರಿ ಸಂಗೀತಕ್ಕೆ ಕುಳಿತವರಿಗೆ ಗೊತ್ತು, ನಮ್ಮ ಕಡೆಯ ಕೇಳುಗರು ಹಾಡು ಮುಗಿದ ಮೇಲೆ ಒಟ್ಟಾರೆ ಚಪ್ಪಾಳೆ ತಟ್ಟಿ ಏಳುವವರಲ್ಲ. ತಾನ ಸುತ್ತಿ ಬಂದು ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಸೇರಿದ ಕ್ಷಣಕ್ಕೆ ಸರಿಯಾಗಿ 'ಆಹಾ' ಎನ್ನುತ್ತಾರೆ, ಯಾವುದು ಮುಟ್ಟಿತು ಎಂದು ಹಾಡುವವರಿಗೆ ಅಲ್ಲಿಯೇ ತಿಳಿಯುತ್ತದೆ. ಕಿವಿಗೆ ಇಷ್ಟು ಸಂಸ್ಕಾರ ಇರುವ ಊರಿನಲ್ಲಿ ಕಣ್ಣಿಗೆ ಯಾಕೆ ಇಲ್ಲ?

ನನ್ನ ಕೋರಿಕೆ ಎರಡು. ಪ್ರದರ್ಶನ ಏರ್ಪಡಿಸುವವರು ಆ ವಹಿಯ ಜೊತೆಗೆ ಒಂದು ಮೇಜು, ಕಿಟಕಿ ಬೆಳಕು, ಒಂದು ತಾಸು ಬಿಡುವು ಇಡಲಿ. ಚಿತ್ರ ತೆಗೆದವರು ಮೇಜಿನ ಮೇಲೆ ಪ್ರಿಂಟು ಇಟ್ಟು ಸುಮ್ಮನಿರಲಿ, ನೋಡಿದವರು ಇಂಥ ಜಾಗ ಎಂದು ಬೆರಳಿಟ್ಟು ಹೇಳಲಿ, ಕಾರಣ ಹೇಳುವುದಿದ್ದರೆ ಆಮೇಲೆ. ನಿಮ್ಮ ವರದಿಗಾರರು ಗಣ್ಯರ ಹೆಸರಿಗೆ ಕೊಡುವ ಜಾಗದಲ್ಲಿ ಎರಡು ಸಾಲನ್ನಾದರೂ ಒಂದೇ ಒಂದು ಚಿತ್ರಕ್ಕೆ ಕೊಡಲಿ, ಅದರಲ್ಲಿ ಬೆಳಕು ಎಲ್ಲಿಂದ ಬಂದಿತ್ತು, ಏನು ಕಂಡಿತು, ಏನು ಕಾಣಲಿಲ್ಲ ಎಂದು.

ಸ್ಟುಡಿಯೋ ಮುಚ್ಚಿ ವರ್ಷಗಳಾದವು. ಮುಂದಿನ ಕೋಣೆ ಖಾಲಿ ಇದೆ, ಮಾವನವರ ಮೇಜು ಹಾಗೆಯೇ ಇದೆ. ಭಾನುವಾರ ಬೆಳಗ್ಗೆ ಹತ್ತಕ್ಕೆ ಬಾಗಿಲು ತೆರೆದಿಡುತ್ತೇನೆ ಎಂದು ಆ ಮಕ್ಕಳಿಗೆ ಹೇಳಿ ಬಂದಿದ್ದೇನೆ. ಇಳಕಲ್ ಸೀರೆಯ ಹುಡುಗ ಹೊಸ ಪ್ರಿಂಟು ತರುತ್ತಾನಂತೆ. ಜೊತೆಗೆ ಅಜ್ಜಿಯನ್ನೂ ಕರೆತರಲು ಹೇಳಿದ್ದೇನೆ.

ಇಂತು,
ನಿಮ್ಮ ಹಳೆಯ ಓದುಗಾರ್ತಿ,
ಬೆಟಗೇರಿ, ಗದಗ