ಸಾಕೆಟ್ ಸುಟ್ಟುಹೋದದ್ದು ಮತ್ತು ಫ್ಯೂಸ್ ದುರಸ್ತಿಯಲ್ಲಾದ ಅಪಾಯಕಾರಿ ಲೋಪದ ಬಗ್ಗೆ ದೂರು

ಇವರಿಂದ:
ತಮ್ಮ ಗ್ರಾಹಕ, ಮಡಿಕೇರಿ ತಾಲ್ಲೂಕು, ಕೊಡಗು ಜಿಲ್ಲೆ

ಇವರಿಗೆ:
ವ್ಯವಸ್ಥಾಪಕರು, ಗೃಹ ವಿದ್ಯುತ್ ದುರಸ್ತಿ ಸೇವಾ ವಿಭಾಗ

ಮಾನ್ಯರೇ,

ಕಳೆದ ಜೂನ್ ಕೊನೆಯ ವಾರದಲ್ಲಿ ತಮ್ಮ ಸಂಸ್ಥೆಯ ಕೆಲಸಗಾರರು ನಮ್ಮ ಮನೆಯ ಬಚ್ಚಲಿಗೆ 2,000 ವ್ಯಾಟಿನ ಗೀಸರ್ ಕೂರಿಸಿ, ಅದಕ್ಕೊಂದು 16 ಆಂಪಿಯರಿನ ಸಾಕೆಟ್ ಹಾಕಿಕೊಟ್ಟಿದ್ದರು. ನಮ್ಮದು ಹಳೆಯ ಹೆಂಚಿನ ಮನೆ. ಹಂಡೆಯ ಒಲೆಗೆ ಮಳೆಗಾಲದಲ್ಲಿ ಒಣ ಸೌದೆ ಹೊಂದಿಸುವುದು 78 ವರ್ಷದ ನಮ್ಮ ತಾಯಿಯವರಿಗೆ ಕಷ್ಟವಾಗುತ್ತದೆ ಎಂಬ ಕಾರಣಕ್ಕೆ ಮಾತ್ರ ಗೀಸರ್ ತರಿಸಿದೆವು. ಅದನ್ನು ಬಳಸಲು ತೊಡಗಿದ ಮೂರನೆಯ ವಾರದಲ್ಲೇ ಆ ಕಡೆಯ ಫ್ಯೂಸ್ ಮತ್ತೆ ಮತ್ತೆ ಹೋಗತೊಡಗಿತು ಮತ್ತು ಸಾಕೆಟ್ಟಿನ ಮುಖ ಮುಟ್ಟಲಾಗದಷ್ಟು ಬಿಸಿಯಾಗತೊಡಗಿತು. ನಾವು ಕೂಡಲೇ ತಮಗೆ ಕರೆ ಮಾಡಿ ತಿಳಿಸಿದೆವು.

ಬಂದ ಕೆಲಸಗಾರರು ಇಪ್ಪತ್ತು ನಿಮಿಷದಲ್ಲಿ ಸಾಕೆಟ್ ಬದಲಾಯಿಸಿ, ಫ್ಯೂಸ್ ಕಟ್ಟಿ, ‘ಇನ್ನು ಹೋಗುವುದಿಲ್ಲ’ ಎಂದು ಹೇಳಿ 1,450 ರೂಪಾಯಿ ಪಡೆದು ಹೊರಟರು. ಅವರು ಹೇಳಿದಂತೆಯೇ ಫ್ಯೂಸ್ ಮತ್ತೆ ಹೋಗಲಿಲ್ಲ. ಎಂಟು ದಿನ ಕಳೆದ ಮೇಲೆ, ಕೊಡವರ ಕಕ್ಕಡ ತಿಂಗಳ ಜಡಿಮಳೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ, ತಾಯಿಯವರು ನಲ್ಲಿ ಮುಟ್ಟಿದಾಗ ಕೈ ಜುಮ್ಮೆಂದಿತೆಂದು ಕೂಗಿದರು. ನಾನು ಓಡಿಹೋಗಿ ನೋಡಿದಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಮನೆಯೆಲ್ಲ ಹರಡಿತ್ತು, ಸಾಕೆಟ್ ಕರಗಿ ಗೋಡೆಯ ಮೇಲೆ ಕಪ್ಪು ಹಿಡಿದಿತ್ತು. ಮೇನ್ ಸ್ವಿಚ್ ಆರಿಸಿದ್ದರಿಂದ ಅನಾಹುತ ತಪ್ಪಿತು. ಅಷ್ಟೆಲ್ಲ ಆದರೂ ಫ್ಯೂಸ್ ಹಾಗೆಯೇ ಇತ್ತು.

ನಮಗೆ ಪರಿಚಯದ, ಪರವಾನಗಿಯಿರುವ ವೈರ್‌ಮನ್ ಒಬ್ಬರು ಅಂದು ಸಂಜೆ ಎಲ್ಲವನ್ನೂ ಬಿಚ್ಚಿ ನನ್ನ ಕಣ್ಣೆದುರೇ ತೋರಿಸಿದರು. ಜೂನ್‌ನಲ್ಲಿ ಗೀಸರಿಗೆ ಮೇನ್ ಬೋರ್ಡಿನಿಂದ ಬೇರೆ ವೈರ್ ಎಳೆದಿರಲೇ ಇಲ್ಲ. ಬಚ್ಚಲಿನ ದೀಪಕ್ಕೆಂದು ಇದ್ದ 1.5 ಚದರ ಮಿಲಿಮೀಟರಿನ ಹಳೆಯ ವೈರಿಗೇ ಸಾಕೆಟ್ ಜೋಡಿಸಲಾಗಿತ್ತು. 2,000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಆ ಲೈನಿನ ಕಟೌಟಿನಲ್ಲಿ, ಅಂದರೆ ಫ್ಯೂಸ್ ಕಟ್ಟುವ ಹಿಡಿಕೆಯಲ್ಲಿ, ಇದ್ದದ್ದು 5 ಆಂಪಿಯರಿನ ಫ್ಯೂಸ್ ತಂತಿ. ಅದು ಪದೇ ಪದೇ ಕರಗಿದ್ದು ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದರಿಂದಲೇ. ತಮ್ಮ ಕೆಲಸಗಾರರು ಅದು ಏಕೆ ಕರಗುತ್ತಿದೆ ಎಂದು ನೋಡದೆ, ವೈರಿನಿಂದ ಬಿಚ್ಚಿದ ತಾಮ್ರದ ನಾಲ್ಕು ಎಳೆಗಳನ್ನು ಹೊಸೆದು ಅದರ ಜಾಗದಲ್ಲಿ ಬಿಗಿದು ಹೋಗಿದ್ದರು. ಮನೆಯ ಕಾವಲಿಗಿದ್ದುದನ್ನು ಹೀಗೆ ಬಾಯಿ ಮುಚ್ಚಿಸಿದ್ದನ್ನು ದುರಸ್ತಿ ಎಂದು ಒಪ್ಪಲು ನನ್ನಿಂದ ಆಗದು.

ಸಾಕೆಟ್ಟಿನ ಒಳಗಿನ ಸ್ಥಿತಿ ಇದಕ್ಕಿಂತ ಕೆಟ್ಟದಾಗಿತ್ತು. ಮೊದಲ ಸಲ ಬಿಸಿಯಾಗಿ ಒರಟುಗಟ್ಟಿದ್ದ ವೈರಿನ ತುದಿಯನ್ನು ಕತ್ತರಿಸಿ ಹೊಸದಾಗಿ ಸುಲಿಯದೆ ಹಾಗೆಯೇ ತುರುಕಲಾಗಿತ್ತು. ನ್ಯೂಟ್ರಲ್ ಸ್ಕ್ರೂವಿನ ಕೆಳಗೆ ತಾಮ್ರದ ಬದಲು ಮೇಲಿನ ಪ್ಲಾಸ್ಟಿಕ್ ಸಿಕ್ಕಿಕೊಂಡು ಜೋಡಣೆ ಸಡಿಲವಾಗಿತ್ತು. ಸಡಿಲವಾದ ಕಡೆ ತಡೆ ಹೆಚ್ಚಿ ಶಾಖ ಹುಟ್ಟುತ್ತದೆ, ಆದರೆ ಹರಿಯುವ ಕರೆಂಟು ಹೆಚ್ಚುವುದಿಲ್ಲ. ಆದ್ದರಿಂದ ಸರಿಯಾದ ಫ್ಯೂಸ್ ಇದ್ದರೂ ಆ ಬಿಸಿ ಅದಕ್ಕೆ ತಿಳಿಯುವುದಿಲ್ಲ ಎಂದು ಆ ವೈರ್‌ಮನ್ ವಿವರಿಸಿದರು. ಅಂದರೆ ಸ್ಕ್ರೂ ಬಿಗಿಯಾಗಿದೆಯೇ ಎಂದು ನೋಡುವ ಕೈಯೊಂದೇ ಅಲ್ಲಿ ರಕ್ಷಣೆ, ಮತ್ತು ಆ ಕೈ ತಮ್ಮವರದಾಗಿತ್ತು. ಪ್ಲಾಸ್ಟಿಕ್ ಪೂರ್ತಿ ಕರಗಿ ಫೇಸ್ ಮತ್ತು ನ್ಯೂಟ್ರಲ್ ಒಂದಕ್ಕೊಂದು ತಾಗಿ ಶಾರ್ಟ್ ಆಗಿದ್ದರೆ ಕೂಡಲೇ ಕಡಿದುಕೊಳ್ಳಬೇಕಿದ್ದ ಫ್ಯೂಸಿನ ಜಾಗದಲ್ಲಿ ಸುಲಭವಾಗಿ ಕರಗದ ಆ ದಪ್ಪ ಎಳೆಗಳು ನಿಂತಿದ್ದವು. ಮೂರನೆಯದಾಗಿ, ಅರ್ಥ್ ಪಿನ್ನಿನ ತೂತಿಗೆ ಯಾವ ತಂತಿಯೂ ಬಂದಿರಲಿಲ್ಲ. ಗೀಸರಿನಿಂದ ಸೋರಿದ ಕರೆಂಟು ನೆಲಕ್ಕೆ ಇಳಿಯಲು ದಾರಿಯಿಲ್ಲದೆ ನಲ್ಲಿಗೆ ಬಂದದ್ದು, ನಮ್ಮ ತಾಯಿಯವರ ಕೈ ಜುಮ್ಮೆಂದದ್ದು, ಇದರಿಂದಲೇ.

ನಾನು ತಮ್ಮ ಕಚೇರಿಗೆ ದೂರವಾಣಿ ಮಾಡಿದಾಗ ‘ಕೊಡಗಿನ ಮಳೆಯಲ್ಲಿ ಗೋಡೆ ತೇವ ಹಿಡಿದರೆ ಹೀಗೆ ಆಗುತ್ತದೆ’ ಎಂಬ ಉತ್ತರ ಬಂತು. ಇಲ್ಲಿ ಹುಟ್ಟಿ ಬೆಳೆದವರಿಗೆ ಮಳೆಯ ಪರಿಚಯ ಹೇಳಿಕೊಡಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒದ್ದೆಯಿರುವ ಊರಿನಲ್ಲಿ ಕೆಲಸ ಮಾಡುವ ಸಂಸ್ಥೆಯು ಅರ್ಥಿಂಗ್ ಮತ್ತು ವೈರಿನ ಹೊದಿಕೆಯ ಬಗ್ಗೆ ಇತರ ಊರುಗಳಿಗಿಂತ ಹೆಚ್ಚು ಎಚ್ಚರ ವಹಿಸಬೇಕಲ್ಲವೇ? ತೇವದ ಅನುಮಾನವಿದ್ದರೆ ವೈರಿನ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ ಮೆಗ್ಗರ್ ಇಟ್ಟು ನೋಡಬಹುದಿತ್ತು. ಅದೂ ಬೇಡ, ಮೇನ್ ಆರಿಸಿ, ಎಲ್ಲ ಪ್ಲಗ್ ಕಿತ್ತು ಸ್ವಿಚ್‌ಗಳನ್ನೆಲ್ಲ ಆರಿಸಿಟ್ಟು, ಸರಿಯಾದ ಫ್ಯೂಸ್ ತಂತಿ ಕಟ್ಟಿ ಮೇನ್ ಹಾಕಿ ನೋಡಿದ್ದರೂ ಸಾಕಿತ್ತು: ಏನೂ ಚಾಲೂ ಇಲ್ಲದೆಯೂ ಫ್ಯೂಸ್ ಹೋದರೆ ದೋಷ ವೈರಿಂಗಿನಲ್ಲಿದೆ, ಇಲ್ಲವಾದರೆ ಒಂದೊಂದೇ ಉಪಕರಣ ಹಾಕುತ್ತ ಹೋದಾಗ ಯಾವುದಕ್ಕೆ ಹೋಗುತ್ತದೆ ಎಂದು ಗೊತ್ತಾಗುತ್ತದೆ. ತಮ್ಮ ರಸೀದಿಯಲ್ಲಿ ‘ಪರೀಕ್ಷೆ’ ಎಂಬ ಬಾಬ್ತು ಇದೆ. ಆ ದಿನ ಟೆಸ್ಟರ್ ಕೂಡ ಚೀಲದಿಂದ ಹೊರಬಂದದ್ದನ್ನು ನಾನು ಕಾಣಲಿಲ್ಲ.

ಆದ್ದರಿಂದ 1,450 ರೂಪಾಯಿಯನ್ನು ಹಿಂತಿರುಗಿಸಿ, ಪರವಾನಗಿ ಇರುವ ವೈರ್‌ಮನ್ ಮೂಲಕ ಗೀಸರಿಗೆ ಮೇನ್ ಬೋರ್ಡಿನಿಂದ 4 ಚದರ ಮಿಲಿಮೀಟರಿನ ಪ್ರತ್ಯೇಕ ತಾಮ್ರದ ವೈರ್, ಕರೆಂಟು ಮಿತಿಮೀರಿದರೆ ತಾನೇ ಆರುವ 16 ಆಂಪಿಯರಿನ ಎಂಸಿಬಿ, ಕರೆಂಟು ಸೋರಿದರೆ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥ್ ಜೋಡಣೆಯನ್ನು ತಮ್ಮ ಖರ್ಚಿನಲ್ಲಿ ಮಾಡಿಸಿಕೊಡಬೇಕು. ಅಳತೆಗಳನ್ನು ಬರೆದು ಸಹಿ ಹಾಕಿ ಕೊಡಬೇಕು. ಸುಟ್ಟ ಸಾಕೆಟ್, ಹೊಸೆದ ಎಳೆಗಳು ಮತ್ತು ಛಾಯಾಚಿತ್ರಗಳು ನನ್ನ ಬಳಿ ಇವೆ. 15 ದಿನಗಳಲ್ಲಿ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಹಣಕ್ಕಿಂತ ಮುಖ್ಯವಾದ ಕೋರಿಕೆ ಇನ್ನೊಂದಿದೆ. ಅದೇ ಕೆಲಸಗಾರರು ಈ ಮಳೆಗಾಲದಲ್ಲಿ ನಮ್ಮ ಸುತ್ತಿನ ಮನೆಗಳಿಗೂ ತೋಟದ ಕಾರ್ಮಿಕರಿರುವ ಲೈನ್‌ಮನೆಗಳಿಗೂ ಹೋಗಿ ಫ್ಯೂಸ್ ಕಟ್ಟಿದ್ದಾರೆ. ಆ ಮನೆಗಳ ಪಟ್ಟಿ ತಮ್ಮ ರಸೀದಿ ಪುಸ್ತಕದಲ್ಲಿದೆ. ದಯವಿಟ್ಟು ಈ ವಾರವೇ ಜನರನ್ನು ಕಳುಹಿಸಿ, ಪ್ರತಿ ಮನೆಯ ಕಟೌಟ್ ತೆಗೆಸಿ ನೋಡಿಸಿರಿ.

ಇಂತಿ ತಮ್ಮ ವಿಶ್ವಾಸಿ,
(ಸಹಿ)

ಲಗತ್ತು: ರಸೀದಿಯ ಪ್ರತಿ, ಛಾಯಾಚಿತ್ರಗಳು