ನಮ್ಮ ದಿಕ್‌ದಿಕ್ ತಾಯಿಯಾದಳು, ನೆರವಾದ ಎಲ್ಲರಿಗೂ ನಮಸ್ಕಾರ

ಕೀನ್ಯಾದ ತ್ಸಾವೋ ಪೂರ್ವ ರಾಷ್ಟ್ರೀಯ ಉದ್ಯಾನದ ಅಂಚಿನಿಂದ ಸುದ್ದಿ ಬಂದಿದೆ: ಎಡಗಿವಿಯ ತುದಿ ಹರಿದ ಹೆಣ್ಣು ದಿಕ್‌ದಿಕ್ (ಪುಟ್ಟ ಹುಲ್ಲೆಯ ಜಾತಿ) ತನ್ನ ಮರಿಯೊಂದಿಗೆ ಓಡಾಡುತ್ತಿದೆ. ಅವಳೇ! 2022ರ ಬರಗಾಲದಲ್ಲಿ ವೋಯಿ ಬಳಿಯ ನಮ್ಮ ಆರೈಕೆ ಕೇಂದ್ರಕ್ಕೆ ಬಂದ ತಬ್ಬಲಿ ಮರಿ. ಅವಳಿಗೆ ಹಾಲೂಡಿಸುವ ಭಾಗ್ಯ ನನ್ನದಾಗಿತ್ತು. ಊರಿನಿಂದ ಫೋನ್ ಮಾಡಿದಾಗಲೆಲ್ಲ ನನಗಿಂತ ಮೊದಲು ಅವಳ ಕ್ಷೇಮ ಕೇಳುತ್ತಿದ್ದ ನಿಮಗೆ ಈ ಸುದ್ದಿ ಮುಟ್ಟಲೇಬೇಕು.

ಅವಳ ಜಾತಿಯಾದ ಕಿರ್ಕ್ ದಿಕ್‌ದಿಕ್ ಪೂರ್ತಿ ಬೆಳೆದರೂ ಭುಜದೆತ್ತರ 40 ಸೆಂಟಿಮೀಟರ್ ಆಸುಪಾಸು, ತೂಕ ಐದಾರು ಕಿಲೋ. ನಮ್ಮ ಕೊಂಡಕುರಿಯೇ ಅದರ ಮುಂದೆ ದೊಡ್ಡ ಪ್ರಾಣಿ. ಹುಟ್ಟಿದ ಮರಿ ಒಂದು ಕಿಲೋ ಸಹ ತೂಗುವುದಿಲ್ಲ. ಅಂಥ ಜೀವವನ್ನು ಕೈಗೆತ್ತಿಕೊಳ್ಳುವ ಮೊದಲು ಕಾದು ನೋಡಿದ ವನರಕ್ಷಕರಿಗೆ ನನ್ನ ಮೊದಲ ನಮಸ್ಕಾರ. ತಾಯಿ ದಿಕ್‌ದಿಕ್ ಮೊದಲ ಎರಡು ಮೂರು ವಾರ ಮರಿಯನ್ನು ಪೊದೆಯಲ್ಲಿ ಅಡಗಿಸಿಟ್ಟು, ಹಾಲುಣಿಸಲು ಮಾತ್ರ ಬಂದು ಹೋಗುತ್ತದೆ. ಒಂಟಿ ಮರಿ ಕಂಡಿತೆಂದು ಎತ್ತಿಕೊಂಡು ಬಂದರೆ ತಾಯಿಯಿದ್ದೂ ಅದು ತಬ್ಬಲಿಯಾಗುತ್ತದೆ. ಅವರು ಸುತ್ತಲೂ ಹುಡುಕಿ, ಮಾಂಸಕ್ಕಾಗಿ ಯಾರೋ ಕಟ್ಟಿದ್ದ ತಂತಿ ಉರುಳಿನಲ್ಲಿ ತಾಯಿ ಸತ್ತಿರುವುದನ್ನು ಕಂಡ ಮೇಲಷ್ಟೇ ಮರಿಯನ್ನು ತಂದರು. ಅಂದಿನಿಂದ ಇಂದಿನವರೆಗೂ ಆ ಜಾಗದಲ್ಲಿ ಉರುಳುಗಳನ್ನು ಹುಡುಕಿ ಕೀಳುತ್ತಲೇ ಇದ್ದಾರೆ. ಅವಳ ಮರಿ ಇಂದು ತಾಯಿಯ ಜೊತೆಗಿರುವುದು ಅದರಿಂದಲೇ ಎಂದು ನಾನು ನಂಬಿದ್ದೇನೆ.

ಸಾಲು ಸಾಲಾಗಿ ಮಳೆ ಕೈಕೊಟ್ಟ ಆ ಕಾಲದಲ್ಲಿ ಹಾಲು ಎಲ್ಲಿಂದ ತರುವುದು? ಪಕ್ಕದ ಹಳ್ಳಿಯ ಮಾಮಾ ಒಬ್ಬರು ಕೊಟ್ಟರು. ಇಲ್ಲಿ ಹಿರಿಯ ಹೆಂಗಸರನ್ನೆಲ್ಲ ಹಾಗೆಯೇ ಕರೆಯುತ್ತೇವೆ. ಅವರ ಮೇಕೆಗಳ ಪಕ್ಕೆಲುಬು ಎಣಿಸಬಹುದಿತ್ತು, ಮನೆ ಮಕ್ಕಳ ಚಹಾಕ್ಕೇ ಹಾಲು ಸಾಲುತ್ತಿರಲಿಲ್ಲ. ಆದರೂ ಬೆಳಿಗ್ಗೆ ಒಂದು ಲೋಟ ನಮಗೆಂದು ಎತ್ತಿಡುತ್ತಿದ್ದರು. ದುಡ್ಡು ಚಾಚಿದರೆ ಅದನ್ನು ಮೇವಿಗೆ ಕೊಡಿ ಎನ್ನುತ್ತಿದ್ದರು. ಮಾಮಾ, ಈ ಋಣ ತೀರುವಂಥದ್ದಲ್ಲ.

ತಾಯಿ ನೆಕ್ಕದ ಮರಿಗೆ ಮಲಮೂತ್ರ ಸಲೀಸಾಗಿ ಆಗುವುದಿಲ್ಲ. ಪ್ರತಿ ಬಾರಿ ಹಾಲು ಕುಡಿಸಿದ ಮೇಲೆ ಬೆಚ್ಚಗಿನ ಒದ್ದೆ ಬಟ್ಟೆಯಿಂದ ಒರೆಸುವುದನ್ನು ಕಲಿಸಿದವರು ನಮ್ಮ ಪಶುವೈದ್ಯರು. ಎಷ್ಟು ಹಸಿದರೂ ಜೋಳದ ಹಿಟ್ಟು ಬೇಡ, ಹೊಟ್ಟೆ ಹುಳಿಯಾಗಿ ಸಾಯುತ್ತದೆ ಎಂದು ಎಚ್ಚರಿಸಿದವರೂ ಅವರೇ. ಎಲೆ, ಚಿಗುರು, ಮೊಗ್ಗುಗಳೇ ಅದರ ಆಹಾರ. ಜಾಲಿಯ ಮತ್ತು ಗುಗ್ಗುಳದ ಜಾತಿಯ ಪೊದೆಗಳಿಂದ ಎಳೆ ಚಿಗುರು ಆಯ್ದು ತಂದ ಹುಡುಗರಿಗೆ ವಂದನೆಗಳು.

ಇನ್ನು, ನೋಡಲು ಬಂದು ನೋಡದೆಯೇ ಹಿಂತಿರುಗಿದವರು. ಇವರಿಗೆ ನಾನು ಎಲ್ಲರಿಗಿಂತ ಹೆಚ್ಚು ಋಣಿ. ದೊಡ್ಡ ಕಣ್ಣು, ಉದ್ದ ಮೂತಿಯ ಆ ಮರಿಯನ್ನು ಒಮ್ಮೆ ಮುಟ್ಟಬೇಕೆಂಬ ಆಸೆ ಯಾರಿಗಿಲ್ಲ? ಮನುಷ್ಯರಿಗೆ ಒಗ್ಗಿಹೋದರೆ ಅವಳು ಕಾಡಿನಲ್ಲಿ ಬದುಕಲಾರಳು ಎಂದಾಗ ದೂರದಿಂದ ಬಂದಿದ್ದ ಕುಟುಂಬಗಳು ಸಹ ಬೇಸರಿಸದೆ ಹೊರಟವು. ಮಕ್ಕಳಿಗೆ ಅದನ್ನು ತಿಳಿಹೇಳಿದ ತಂದೆತಾಯಂದಿರಿಗೆ ಕೈಮುಗಿಯುತ್ತೇನೆ.

ದಿಕ್‌ದಿಕ್‌ಗಳು ಜೋಡಿಯಾಗಿ ಬಾಳುವ ಪ್ರಾಣಿಗಳು. ಕಣ್ಣಿನ ಪಕ್ಕದ ಗ್ರಂಥಿಯಿಂದ ಒಸರುವ ಕಪ್ಪು ಅಂಟನ್ನು ಕಡ್ಡಿಗಳ ತುದಿಗೆ ಹಚ್ಚಿ, ಗಡಿಯಲ್ಲಿ ಹಿಕ್ಕೆಯ ಗುಡ್ಡೆ ಹಾಕಿ ತಮ್ಮ ನೆಲವನ್ನು ಗುರುತಿಸುತ್ತವೆ. ಹೆಣ್ಣು ಹಾಕಿದ ಹಿಕ್ಕೆಯ ಮೇಲೆ ಗಂಡು ಮಣ್ಣು ಕೆದರಿ ತನ್ನದನ್ನೂ ಹಾಕುತ್ತದೆ. ಅವಳನ್ನು ಕಾಡಿಗೆ ಬಿಟ್ಟ ಜಾಗದ ಹತ್ತಿರ ಅಂಥದೊಂದು ಹೊಸ ಗುಡ್ಡೆ ಕಂಡಿದೆ ಎಂದು ವನರಕ್ಷಕರು ಹೇಳಿದ ದಿನ ನಾವು ಕುಣಿದಾಡಿದ್ದೆವು. ಅದಾಗಿ ಈಗ ಈ ಮರಿ.

ಫೋಟೋ ಕೇಳಬೇಡಿ, ಯಾರೂ ಹತ್ತಿರ ಹೋಗುವುದಿಲ್ಲ. ನಾಳೆ ಮಾಮಾ ಅವರ ಮನೆಗೆ ಹೋಗಿ ಸುದ್ದಿ ಹೇಳುತ್ತೇನೆ. ಗಂಡೋ ಹೆಣ್ಣೋ ಎಂದು ಅವರು ಕೇಳಿಯೇ ಕೇಳುತ್ತಾರೆ. ಈ ಜಾತಿಯಲ್ಲಿ ಕೊಂಬಿರುವುದು ಗಂಡಿಗೆ ಮಾತ್ರ, ಆದ್ದರಿಂದ ಉತ್ತರಕ್ಕೆ ಇನ್ನಷ್ಟು ದಿನ ಕಾಯಬೇಕು. ತಿಳಿದ ಕೂಡಲೇ ನಿಮಗೂ ಬರೆಯುತ್ತೇನೆ.