ಚೀಟಿಯಿಲ್ಲದ ಮೂರು ಮಾತ್ರೆ ಮತ್ತು ಮಲೆನಾಡಿನ ಗಂಟಲು ನೋವು

ಮಾನ್ಯ ಸಂಪಾದಕರೇ,

ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಔಷಧದ ಅಂಗಡಿಗಳಲ್ಲಿ 'ಗಂಟಲು ನೋವು, ಅಜಿತ್ರೊ ಕೊಡಿ' ಎಂಬ ಮಾತು ದಿನವಿಡೀ ಕೇಳಿಬರುತ್ತದೆ. ಅಜಿತ್ರೊ ಎಂದರೆ ಅಜಿತ್ರೊಮೈಸಿನ್, ಬ್ಯಾಕ್ಟೀರಿಯಾ ಸೋಂಕಿಗೆ ಕೊಡುವ ಆ್ಯಂಟಿಬಯೋಟಿಕ್. ದಿನಕ್ಕೊಂದರಂತೆ ಮೂರು ಮಾತ್ರೆ, ವೈದ್ಯರ ಚೀಟಿಯನ್ನು ಕೇಳುವವರೂ ಇಲ್ಲ, ತೋರಿಸುವವರೂ ಇಲ್ಲ. ನಾನೂ ಹಲವು ವರ್ಷ ಹೀಗೆಯೇ ಕೊಂಡವನಾದ್ದರಿಂದ ಈ ಪತ್ರವನ್ನು ಇತರರ ಮೇಲಿನ ದೂರು ಎಂದು ಭಾವಿಸಬಾರದಾಗಿ ವಿನಂತಿ.

ಕಳೆದ ಮಳೆಗಾಲದಲ್ಲಿ, ನಮ್ಮ ಮನೆಯಲ್ಲಿದ್ದು ಶಾಲೆಗೆ ಹೋಗುವ ಹನ್ನೊಂದು ವರ್ಷದ ಮೊಮ್ಮಗಳಿಗೆ ಜೂನ್ ತಿಂಗಳಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ ಗಂಟಲು ನೋವು ಬಂದಾಗ ಅಂಗಡಿಯಿಂದ ಅದೇ ಮಾತ್ರೆಯನ್ನು ತಂದು ಕೊಟ್ಟೆ. ಎರಡು ಸಲವೂ ನಾಲ್ಕೈದು ದಿನಗಳಲ್ಲಿ ವಾಸಿಯಾಯಿತು. ಸೆಪ್ಟೆಂಬರಿನಲ್ಲಿ ಮೂರನೆಯ ಸಲ ಬಂದಾಗ ಮಾತ್ರ ಜ್ವರ ಇಳಿಯಲಿಲ್ಲ. ಟಾನ್ಸಿಲ್ ಮೇಲೆ ಬಿಳಿ ಕೀವು, ಕುತ್ತಿಗೆಯಲ್ಲಿ ಮುಟ್ಟಿದರೆ ನೋಯುವ ಗಂಟು. ಶಿವಮೊಗ್ಗದ ವೈದ್ಯರೊಬ್ಬರು ಗಂಟಲ ದ್ರವವನ್ನು ಹತ್ತಿಕಡ್ಡಿಯಲ್ಲಿ ತೆಗೆದು, ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳುಹಿಸಿದರು. ವರದಿಯಲ್ಲಿ ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್ ಎಂಬ ಬ್ಯಾಕ್ಟೀರಿಯಾದ ಹೆಸರಿತ್ತು. ಪೆನಿಸಿಲಿನ್ ಎದುರು 'ಎಸ್', ಅಂದರೆ ಮಣಿಯುತ್ತದೆ. ಎರಿಥ್ರೊಮೈಸಿನ್ ಎದುರು 'ಆರ್', ಅಂದರೆ ಮಣಿಯುವುದಿಲ್ಲ. ಎರಿಥ್ರೊಮೈಸಿನ್ನಿನ ಫಲಿತಾಂಶವೇ ಅಜಿತ್ರೊಮೈಸಿನ್ನಿಗೂ ಅನ್ವಯಿಸುತ್ತದೆ ಎಂದು ವಿವರಿಸಿದ ವೈದ್ಯರು, ಪೆನಿಸಿಲಿನ್ ಗುಂಪಿನದೇ ಆದ ಅಮಾಕ್ಸಿಸಿಲಿನ್ ಅನ್ನು ಹತ್ತು ದಿನಕ್ಕೆ ಬರೆದುಕೊಟ್ಟು, 'ಮೊದಲೆರಡು ಸಲ ಇದು ಬ್ಯಾಕ್ಟೀರಿಯಾದಿಂದ ಬಂದದ್ದೆಂದು ನಿಮಗೆ ಯಾರು ಹೇಳಿದರು?' ಎಂದು ಮೆಲ್ಲಗೆ ಕೇಳಿದರು. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ನನ್ನಲ್ಲಿ ಉತ್ತರವಿರಲಿಲ್ಲ.

ಗಂಟಲು ನೋವಿನಲ್ಲಿ ಬಹುಪಾಲು ವೈರಸ್‌ಗಳಿಂದ ಬರುವಂಥದ್ದು. ಈ ಸ್ಟ್ರೆಪ್ಟೊಕಾಕಸ್ ಕಾರಣವಾಗುವುದು ಮಕ್ಕಳಲ್ಲಿ ನೂರಕ್ಕೆ 20ರಿಂದ 30 ಸಂದರ್ಭಗಳಲ್ಲಿ, ದೊಡ್ಡವರಲ್ಲಿ 5ರಿಂದ 15 ಸಂದರ್ಭಗಳಲ್ಲಿ ಮಾತ್ರ. ಮೂಗು ಸೋರುವುದು, ಕೆಮ್ಮು, ಧ್ವನಿ ಒಡೆಯುವುದು ಜೊತೆಗಿದ್ದರೆ ಅದು ವೈರಸ್ಸೇ ಇರುವ ಸಂಭವ ಹೆಚ್ಚು; ಅಂಥ ನೋವು ಮಾತ್ರೆ ನುಂಗಿದರೂ ನುಂಗದಿದ್ದರೂ ಒಂದು ವಾರದೊಳಗೆ ತಾನಾಗಿ ಇಳಿಯುತ್ತದೆ, ಕೀರ್ತಿ ಮಾತ್ರ ಮಾತ್ರೆಗೆ ಸಲ್ಲುತ್ತದೆ. ನಮ್ಮಜ್ಜಿಯ ಕಾಳುಮೆಣಸಿನ ಕಷಾಯಕ್ಕೂ ಇಂಥದೇ ಕೀರ್ತಿ ಇತ್ತು, ಆದರೆ ಕಷಾಯದಿಂದ ಯಾವ ಬ್ಯಾಕ್ಟೀರಿಯಾವೂ ಪಾಠ ಕಲಿಯಲಿಲ್ಲ.

ಹಾಗೆಂದು ಆ್ಯಂಟಿಬಯೋಟಿಕ್ ಬೇಡವೇ ಬೇಡ ಎಂಬುದು ನನ್ನ ವಾದವಲ್ಲ. ಸ್ಟ್ರೆಪ್ಟೊಕಾಕಸ್ ಸೋಂಕಿಗೆ ಸರಿಯಾದ ಚಿಕಿತ್ಸೆ ಸಿಗದಿದ್ದರೆ ಕೆಲವು ಮಕ್ಕಳಲ್ಲಿ ಸಂಧಿವಾತದ ಜ್ವರ (ರುಮ್ಯಾಟಿಕ್ ಫೀವರ್) ಕಾಣಿಸಿಕೊಂಡು ಹೃದಯದ ಕವಾಟಗಳು ಹಾಳಾಗುತ್ತವೆ. ಆದರೆ ಇಲ್ಲೊಂದು ವಿಪರ್ಯಾಸವಿದೆ. ಪೆನಿಸಿಲಿನ್ ಬಳಕೆಗೆ ಬಂದು 80 ವರ್ಷ ಕಳೆದರೂ ಅದಕ್ಕೆ ಬಗ್ಗದ ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್ ಚಿಕಿತ್ಸೆಯಲ್ಲಿ ಇನ್ನೂ ಎದುರಾಗಿಲ್ಲ. ಆದರೆ ಅಜಿತ್ರೊಮೈಸಿನ್ ಗುಂಪಿನ ಔಷಧಗಳನ್ನು ಅದು ತನ್ನ ಪ್ರೋಟೀನ್ ತಯಾರಿಸುವ ರೈಬೋಸೋಮಿನಲ್ಲಿ ಔಷಧ ಅಂಟುವ ಜಾಗವನ್ನು ಬದಲಿಸಿಕೊಂಡೋ, ಒಳಬಂದ ಔಷಧವನ್ನು ಪಂಪ್ ಮಾಡಿ ಹೊರಹಾಕಿಯೋ ಸೋಲಿಸುವುದನ್ನು ಕಲಿತಿದೆ. ಅಂದರೆ ಹತ್ತು ದಿನ ನುಂಗಬೇಕಾದ, ಅಗ್ಗದ, ಇಂದಿಗೂ ಕೆಲಸ ಮಾಡುವ ಔಷಧವನ್ನು ಬಿಟ್ಟು, ಮೂರೇ ದಿನಕ್ಕೆ ಮುಗಿಯುತ್ತದೆಂಬ ಒಂದೇ ಅನುಕೂಲಕ್ಕಾಗಿ ನಾವು ಸೋಲುತ್ತಿರುವ ಔಷಧದ ಹಿಂದೆ ಬಿದ್ದಿದ್ದೇವೆ.

ಮೂರು ಮಾತ್ರೆ ಮುಗಿದ ಮೇಲೂ ಅಜಿತ್ರೊಮೈಸಿನ್ ದೇಹದಲ್ಲಿ ಹಲವು ದಿನ ಸಣ್ಣ ಪ್ರಮಾಣದಲ್ಲಿ ಉಳಿಯುತ್ತದೆ. ಬೆಲ್ಜಿಯಂನಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಇದನ್ನು ಕೊಟ್ಟು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅವರ ಗಂಟಲಿನಲ್ಲಿ ಸಹಜವಾಗಿ ವಾಸಿಸುವ ಸ್ಟ್ರೆಪ್ಟೊಕಾಕಸ್‌ಗಳಲ್ಲಿ ಹೆಚ್ಚಿದ ಪ್ರತಿರೋಧ, ಅಂದರೆ ಔಷಧಕ್ಕೆ ಮಣಿಯದ ಗುಣ, 180 ದಿನಗಳಿಗೂ ಮೀರಿ ಉಳಿದದ್ದು ಕಂಡುಬಂದಿತು. ಜೂನ್ ತಿಂಗಳಲ್ಲಿ ನಾನು ತಂದುಕೊಟ್ಟ ಮಾತ್ರೆಯ ಪರಿಣಾಮ ಸೆಪ್ಟೆಂಬರಿನಲ್ಲೂ ಆ ಹುಡುಗಿಯ ಗಂಟಲಿನಲ್ಲಿ ಇದ್ದಿರಬಹುದೆಂಬುದು ನನ್ನ ಊಹೆ. ಹಾಗೆಂದು ಖಚಿತವಾಗಿ ಹೇಳಲು ಬರುವುದಿಲ್ಲ. 1945ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ತಮ್ಮ ನೊಬೆಲ್ ಉಪನ್ಯಾಸದಲ್ಲಿ, ಗಂಟಲು ನೋವೆಂದು ತಾನೇ ಪೆನಿಸಿಲಿನ್ ಕೊಂಡು, ಸಾಲದಷ್ಟು ಪ್ರಮಾಣದಲ್ಲಿ ತೆಗೆದುಕೊಂಡು, ರೋಗಾಣುವಿಗೆ ಪ್ರತಿರೋಧ ಕಲಿಸಿ ಅದನ್ನು ಹೆಂಡತಿಗೆ ಅಂಟಿಸುವ ಗೃಹಸ್ಥನೊಬ್ಬನ ಕಲ್ಪಿತ ಉದಾಹರಣೆಯನ್ನು ಕೊಟ್ಟಿದ್ದರು. ಔಷಧದ ಹೆಸರೊಂದನ್ನು ಬದಲಿಸಿದರೆ ಆ ಗೃಹಸ್ಥ ನಮ್ಮ ಪೇಟೆಯವನೇ.

ಸೈನಸ್ ವಿಷಯವೂ ಇದಕ್ಕಿಂತ ಬೇರೆಯಲ್ಲ. ಅಡಿಕೆ ಕೊಯ್ಲಿನ ದಿನಗಳಲ್ಲಿ ಚಳಿ, ಇಬ್ಬನಿ, ಬೇಯಿಸುವ ಒಲೆಯ ಹೊಗೆ ಎಲ್ಲ ಸೇರಿ ಹಣೆ ಭಾರ, ಕೆನ್ನೆ ನೋವು ನಮ್ಮಲ್ಲಿ ಸಾಮಾನ್ಯ. ಸಿಂಬಳ ಹಳದಿಯಾದ ಕೂಡಲೇ 'ಪವರ್ ಇರೋ ಮಾತ್ರೆ' ಕೇಳುವುದು ರೂಢಿ. ಬಣ್ಣವೊಂದರಿಂದಲೇ ಬ್ಯಾಕ್ಟೀರಿಯಾ ಎಂದು ತೀರ್ಮಾನಿಸಲು ಬರುವುದಿಲ್ಲ. ದೊಡ್ಡವರಲ್ಲಿ ನೆಗಡಿ ಬ್ಯಾಕ್ಟೀರಿಯಾದ ಸೈನಸ್ ಸೋಂಕಾಗಿ ತಿರುಗುವುದು ನೂರರಲ್ಲಿ ಎರಡು ಸಲಕ್ಕಿಂತ ಹೆಚ್ಚಿಲ್ಲ. ಹತ್ತು ದಿನವಾದರೂ ಕಡಿಮೆಯಾಗದಿದ್ದರೆ, ಕಡಿಮೆಯಾಗುತ್ತಾ ಬಂದು ಮತ್ತೆ ಏರಿದರೆ, ಅಥವಾ ಮೊದಲ ಮೂರು ನಾಲ್ಕು ದಿನವೇ ಮುಖದ ನೋವಿನೊಡನೆ ಜೋರು ಜ್ವರವಿದ್ದರೆ ವೈದ್ಯರು ಬ್ಯಾಕ್ಟೀರಿಯಾವನ್ನು ಶಂಕಿಸುತ್ತಾರೆ. ಆಗಲೂ ಅಲ್ಲಿರುವುದು ಯಾವುದೆಂಬುದು ಮುಖ್ಯ: ಹಿಮೋಫಿಲಸ್ ಮತ್ತು ಮೊರಾಕ್ಸೆಲ್ಲಾ ಎಂಬ ಬ್ಯಾಕ್ಟೀರಿಯಾಗಳು ಹಲವು ಸಲ ಔಷಧವನ್ನೇ ಕತ್ತರಿಸುವ ಕಿಣ್ವವನ್ನು ಬಿಡುವುದರಿಂದ ಅಮಾಕ್ಸಿಸಿಲಿನ್ ಜೊತೆಗೆ ಆ ಕಿಣ್ವವನ್ನು ತಡೆಯುವ ಕ್ಲಾವುಲನಿಕ್ ಆಮ್ಲವನ್ನು ಕಾವಲಿಗೆ ಕೊಡಬೇಕಾಗುತ್ತದೆ, ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾವಾದರೋ ಔಷಧ ಅಂಟಿಕೊಳ್ಳುವ ಜಾಗವನ್ನೇ ಬದಲಿಸಿಕೊಳ್ಳುವುದರಿಂದ ಅಲ್ಲಿ ಈ ಕಾವಲು ಉಪಯೋಗಕ್ಕೆ ಬಾರದು, ಪ್ರಮಾಣವನ್ನೇ ಹೆಚ್ಚಿಸಬೇಕಾಗುತ್ತದೆ. ಅಂಗಡಿಯ ಕಟ್ಟೆಯ ಮೇಲೆ ನಿಂತು ನಿರ್ಧರಿಸುವ ಸಂಗತಿ ಇದಲ್ಲ.

ಇನ್ನು ಕಾನೂನು. ಔಷಧ ಮತ್ತು ಕಾಂತಿವರ್ಧಕ ನಿಯಮಗಳಿಗೆ ಸೇರಿಸಿದ ಎಚ್1 ಅನುಸೂಚಿ 2014ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಅದರಲ್ಲಿ 46 ಔಷಧಗಳಿದ್ದವು. ಇವುಗಳನ್ನು ಮಾರುವಾಗ ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಸೆಫಿಕ್ಸಿಮ್, ಲಿವೊಫ್ಲಾಕ್ಸಾಸಿನ್ ಆ ಪಟ್ಟಿಯಲ್ಲಿದ್ದವು, ಅಜಿತ್ರೊಮೈಸಿನ್ ಇರಲಿಲ್ಲ. ಆದರೂ ಅದು ಎಚ್ ಅನುಸೂಚಿಯ ಔಷಧವಾದ್ದರಿಂದ ಚೀಟಿಯಿಲ್ಲದೆ ಮಾರುವಂತಿಲ್ಲ. ನೆರೆಯ ಕೇರಳದ ಔಷಧ ನಿಯಂತ್ರಣ ಇಲಾಖೆ 2024ರ ಜನವರಿಯಲ್ಲಿ 'ಆಪರೇಷನ್ ಅಮೃತ್' ಹೆಸರಿನಲ್ಲಿ ಇಂಥ ಮಾರಾಟದ ತಪಾಸಣೆ ಆರಂಭಿಸಿತು. ನಮ್ಮ ಜಿಲ್ಲೆಯಲ್ಲೂ ತಪಾಸಣೆ ನಡೆಯಲಿ, ಆದರೆ ಅದೊಂದನ್ನೇ ನಡೆಸಿದರೆ ಅನ್ಯಾಯವಾದೀತು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರೊಬ್ಬರು ದಿನದ ಕೂಲಿ ಬಿಟ್ಟು, ಮಳೆಯಲ್ಲಿ ಮರ ಬಿದ್ದ ರಸ್ತೆಯಲ್ಲಿ ಬಸ್ಸು ಕಾದು ಆಸ್ಪತ್ರೆ ಸೇರುವುದಕ್ಕಿಂತ ಅಂಗಡಿಯ ಮೂರು ಮಾತ್ರೆಯೇ ಅವರಿಗೆ ಸುಲಭವಾಗಿ ಕಾಣುವುದು ಸಹಜ. ಜೊತೆಗೆ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ಸೀಮೆ ನಮ್ಮದು. ವೈರಸ್ಸಿನಿಂದ ಬರುವ ಆ ಜ್ವರದಲ್ಲಿ ಇದೇ ಮಾತ್ರೆಗಳನ್ನು ನಂಬಿ ಮೂರು ದಿನ ಕಳೆದರೆ ಆಗುವ ನಷ್ಟ ಬೇರೆಯೇ ತೆರನಾದದ್ದು.

ಆದ್ದರಿಂದ ಆರೋಗ್ಯ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟು. ಹತ್ತಿಕಡ್ಡಿಯಿಂದಲೇ ಕೆಲವು ನಿಮಿಷಗಳಲ್ಲಿ ಸ್ಟ್ರೆಪ್ಟೊಕಾಕಸ್ ಇದೆಯೋ ಇಲ್ಲವೋ ತಿಳಿಸುವ ತ್ವರಿತ ಪರೀಕ್ಷೆಯ ಕಿಟ್‌ಗಳು ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಳೆಗಾಲದುದ್ದಕ್ಕೂ ಸಿಗುವಂತಾಗಲಿ. ಕಲ್ಚರ್ ಅಗತ್ಯವಿರುವ ಮಾದರಿಗಳನ್ನು ತಾಲ್ಲೂಕು ಆಸ್ಪತ್ರೆಗಳಿಂದ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ತಲುಪಿಸುವ ವ್ಯವಸ್ಥೆಯಾಗಲಿ. ತೀರ್ಥಹಳ್ಳಿಯಿಂದ ಅಲ್ಲಿಗೆ ಸುಮಾರು 60 ಕಿಲೋಮೀಟರ್, ಸರಿಯಾದ ಸಾಗಣೆ ಮಾಧ್ಯಮದಲ್ಲಿಟ್ಟರೆ ಮಾದರಿ ಒಂದು ದಿನ ಕೆಡದೆ ಉಳಿಯುತ್ತದೆ. ಆ ಫಲಿತಾಂಶಗಳನ್ನು ಹೆಸರುಗಳಿಲ್ಲದೆ ಒಟ್ಟುಗೂಡಿಸಿ, ಈ ಜಿಲ್ಲೆಯ ಗಂಟಲು ಮತ್ತು ಸೈನಸ್ ಸೋಂಕುಗಳಿಗೆ ಯಾವ ಔಷಧ ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತಿದೆ ಎಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ಎಲ್ಲ ವೈದ್ಯರಿಗೂ ಔಷಧ ವ್ಯಾಪಾರಿಗಳಿಗೂ ಕಳುಹಿಸಲಿ. ಎಲ್ಲ ತಾಲ್ಲೂಕುಗಳಲ್ಲೂ ಒಮ್ಮೆಲೇ ಸಾಧ್ಯವಾಗದಿದ್ದರೆ, ಮುಂದಿನ ಮುಂಗಾರಿಗೆ ಮುನ್ನ ಒಂದು ತಾಲ್ಲೂಕಿನಲ್ಲಾದರೂ ಆರಂಭಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ